ಕಳ್ಳನ ಕೈಗೆ ದುಡ್ಡು ಸಿಕ್ಕರೂ ದಕ್ಕಬಾರದು

"ಮಾವ, ಬ್ಯಾಂಕ್ ಬೇಡ, ಮ್ಯಾನೇಜರ್ ಬೇಡ, ಎಲ್ಲಾ ಕೋಡೇ ನೋಡ್ಕೊಳ್ಳುತ್ತೆ" ಅಂತ ಮಂಡ್ಯದ ನಮ್ಮ ನೆಂಟರ ಹುಡುಗ ಸಿಕ್ಕಾಗಲೆಲ್ಲ ಡಿಫೈ (ಮಧ್ಯೆ ಬ್ಯಾಂಕಿಲ್ಲದೆ ಕ್ರಿಪ್ಟೋ ನಾಣ್ಯಗಳಲ್ಲಿ ನಡೆಯುವ ವ್ಯವಹಾರ) ಪುರಾಣ ಶುರು ಮಾಡುತ್ತಾನೆ. ಸರಿ ಕಣಪ್ಪ, ಕಳ್ಳತನ ಆದರೆ ಯಾರ ಹತ್ತಿರ ಹೋಗೋದು ಅಂದರೆ ಮಾತು ಬದಲಾಗುತ್ತದೆ.

2022ರ ಮಾರ್ಚ್‌ನಲ್ಲಿ ಆದ ರೋನಿನ್ ಕಥೆ ನೋಡಿ. ಆಕ್ಸಿ ಇನ್ಫಿನಿಟಿ ಗೇಮ್ ಆಡುವವರ ದುಡ್ಡನ್ನು ಒಂದು ಬ್ಲಾಕ್‌ಚೈನ್‌ನಿಂದ (ಎಲ್ಲರಿಗೂ ಕಾಣುವ ಡಿಜಿಟಲ್ ಲೆಕ್ಕದ ಪುಸ್ತಕ) ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆ ಅದು. ದುಡ್ಡು ಹೊರಗೆ ಹೋಗಬೇಕಾದರೆ 9 ಕೀಗಳಲ್ಲಿ 5 ಬೇಕು. ದೇವಸ್ಥಾನದ ಹುಂಡಿಗೆ ಎರಡು ಮೂರು ಬೀಗ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕೀ ಕೊಡುತ್ತಾರಲ್ಲ, ಹಾಗೆ. ಆದರೆ ಇಲ್ಲಿ 4 ಕೀ ಒಂದೇ ಕಂಪನಿಯ ಕೈಯಲ್ಲಿದ್ದವು! ಐದನೆಯದನ್ನು ಬಳಸೋಕೆ ಅದೇ ಕಂಪನಿಗೆ ಹಿಂದೊಮ್ಮೆ ಅನುಮತಿ ಕೊಟ್ಟಿದ್ದರು, ಕೆಲಸ ಮುಗಿದ ಮೇಲೂ ವಾಪಸ್ ಪಡೆದಿರಲಿಲ್ಲ. ಕಳ್ಳರು ಕಂಪನಿಯ ಕಂಪ್ಯೂಟರ್‌ಗಳೊಳಗೆ ನುಗ್ಗಿ 60 ಕೋಟಿ ಡಾಲರ್‌ಗೂ ಜಾಸ್ತಿ ಬಾಚಿಕೊಂಡು ಹೋದರು. ಗೊತ್ತಾಗಿದ್ದು ಆರು ದಿನ ಕಳೆದ ಮೇಲೆ, ಅದೂ ಯಾರೋ ತಮ್ಮ ದುಡ್ಡು ತೆಗೆಯೋಕೆ ಆಗ್ತಿಲ್ಲ ಅಂತ ದೂರಿದಾಗ. ಉತ್ತರ ಕೊರಿಯಾದ ಲಾಜರಸ್ ಹ್ಯಾಕರ್ ಗುಂಪಿನ ಕೆಲಸ ಅಂತ ಎಫ್‌ಬಿಐ ಹೇಳಿತು.

ನಮ್ಮ ಹುಡುಗನ ವ್ಯಾಲೆಟ್ (ಕ್ರಿಪ್ಟೋ ಇಡುವ ಆ್ಯಪ್) ತೆಗೆಸಿ ನೋಡಿದರೆ ಅದೇ ರೋಗ. ಎಂದೋ ಒಮ್ಮೆ ಬಳಸಿ ಮರೆತ ಸೈಟುಗಳಿಗೆಲ್ಲ "ಅನ್‌ಲಿಮಿಟೆಡ್" ಅಪ್ರೂವಲ್, ಅಂದರೆ ಎಷ್ಟು ಬೇಕಾದರೂ ದುಡ್ಡು ತೆಗೆಯುವ ಅನುಮತಿ, ಹಾಗೇ ಇದೆ. ಕೂರಿಸಿಕೊಂಡು ಒಂದೊಂದೇ ರಿವೋಕ್ (ರದ್ದು) ಮಾಡಿಸಿದೆ. ಪ್ರತಿ ಸಲವೂ ಗ್ಯಾಸ್ ಫೀ (ಬ್ಲಾಕ್‌ಚೈನ್ ಬಳಸೋ ಶುಲ್ಕ) ಹೋಗುತ್ತೆ ಅಂತ ಗೊಣಗಿದ.

ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ನಲ್ಲಿ ಕೂತವನನ್ನು ಜೈಲು ತೋರಿಸಿ ಹೆದರಿಸೋಕೆ ಆಗುತ್ತಾ? ಕದ್ದ ದುಡ್ಡು ದಕ್ಕದ ಹಾಗೆ ಮಾಡಬೇಕು, ಅಷ್ಟೇ. ಬ್ಲಾಕ್‌ಚೈನ್‌ನಲ್ಲಿ ಕದ್ದ ದುಡ್ಡು ಎಲ್ಲಿಗೆ ಹೋಯಿತು ಅನ್ನೋದು ಊರಿಗೆಲ್ಲ ಕಾಣುತ್ತದೆ. ಟೊರ್ನೇಡೋ ಕ್ಯಾಶ್‌ನಂಥ ಮಿಕ್ಸರ್‌ಗಳಲ್ಲಿ (ಹಲವರ ದುಡ್ಡು ಬೆರೆಸಿ ಗುರುತು ಮರೆಸುವ ಸೇವೆ) ಕಲಸಿದರೂ, ದೊಡ್ಡ ಮೊತ್ತವನ್ನು ನಗದು ಮಾಡಿಕೊಳ್ಳೋಕೆ ಎಲ್ಲೋ ಒಂದು ಎಕ್ಸ್‌ಚೇಂಜೋ (ಕ್ರಿಪ್ಟೋ ಕೊಂಡು ಮಾರುವ ತಾಣ) ದಲ್ಲಾಳಿಯೋ ಬೇಕೇ ಬೇಕು. ಬಾಗಿಲು ಹಾಕಬೇಕಾದ್ದು ಅಲ್ಲಿ. ರೋನಿನ್ ದುಡ್ಡಿನಲ್ಲಿ ಸುಮಾರು 3 ಕೋಟಿ ಡಾಲರ್ ಹೀಗೇ ಬೆನ್ನು ಹತ್ತಿ ವಶಪಡಿಸಿಕೊಂಡರು. ಕಡಿಮೆಯೇ, ಒಪ್ಪುತ್ತೇನೆ. ನಮ್ಮಲ್ಲೂ 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯೊಳಗೆ ಬಂದಿವೆ. ಕ್ರಿಪ್ಟೋ ಲಾಭದ ಮೇಲಿನ 30% ತೆರಿಗೆಗೆ ಬೈಯಿರಿ, ನಾನೂ ಬೈತೀನಿ. ಆದರೆ ಕೆವೈಸಿ ಕೇಳಿದರು ಅಂತ ಬೈಯಬೇಡಿ.

ಇನ್ನು ಕೋಡ್ ಬರೆಯುವವರ ವಿಷಯ. ದೊಡ್ಡ ಮೊತ್ತ ಹೊರಗೆ ಹೋಗುವಾಗ ಒಂದು ದಿನ ತಡೆದರೆ ಏನು ಗಂಟು ಹೋಗುತ್ತೆ? ಅಷ್ಟರಲ್ಲಿ ಯಾರಾದರೂ ನೋಡಿ ಕೂಗಬಹುದು. ದೋಷ ಹುಡುಕಿಕೊಟ್ಟವರಿಗೆ ಒಳ್ಳೆ ದುಡ್ಡನ್ನೂ ಕೊಡಲಿ. ರೋನಿನ್ ಥರದ್ದೇ ಇನ್ನೊಂದು ವ್ಯವಸ್ಥೆ ವರ್ಮ್‌ಹೋಲ್ 2022ರಲ್ಲಿ ಸುಮಾರು 32 ಕೋಟಿ ಡಾಲರ್ ಕಳೆದುಕೊಂಡಿತು. ಅದೇ ವರ್ಷ ಇನ್ನೊಂದು ದೋಷ ತೋರಿಸಿದವರಿಗೆ 1 ಕೋಟಿ ಡಾಲರ್ ಬಹುಮಾನ ಕೊಟ್ಟಿತು. ಅಗ್ಗವೇ ಅಲ್ವಾ?

ನಿಮ್ಮದೇ ವ್ಯಾಲೆಟ್ ಖಾಲಿಯಾದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೈಸೂರಾದರೂ ಮಂಡ್ಯವಾದರೂ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ. ಬರೀ ಸ್ಕ್ರೀನ್‌ಶಾಟ್ ಸಾಲದು. ಟ್ರಾನ್ಸಾಕ್ಷನ್ ಹ್ಯಾಶ್ (ಆ ವಹಿವಾಟಿನ ಗುರುತಿನ ಸಂಖ್ಯೆ) ಮತ್ತು ದುಡ್ಡು ಹೋದ ವ್ಯಾಲೆಟ್ ವಿಳಾಸವನ್ನು ಅಕ್ಷರ ತಪ್ಪದೆ ಬರೆದುಕೊಡಿ. ಹೋಗಿದ್ದು ಯುಎಸ್‌ಡಿಟಿ (ಡಾಲರ್‌ಗೆ ಸಮನಾದ ಕ್ರಿಪ್ಟೋ ನಾಣ್ಯ) ಆಗಿದ್ದರೆ ಅದನ್ನು ಹೊರಡಿಸುವ ಟೆದರ್ ಕಂಪನಿ ಆ ವಿಳಾಸವನ್ನೇ ಫ್ರೀಜ್ ಮಾಡಬಲ್ಲದು, ಕಳ್ಳ ಅದನ್ನು ಬೇರೆ ನಾಣ್ಯಕ್ಕೆ ಬದಲಾಯಿಸುವ ಮೊದಲು ಪೊಲೀಸರ ಕೋರಿಕೆ ತಲುಪಿದರೆ.