ಸ್ಟೆಬಿಲೈಸರ್ ಕೊಳ್ಳುವ ಮೊದಲು ನ್ಯೂಟ್ರಲ್ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊಸದಾಗಿ ಹೋಮ್ ಥಿಯೇಟರ್ ಹಾಕಿಸಿದವರು ಮೊದಲು ಕೇಳುವುದು "ಯಾವ ಸ್ಟೆಬಿಲೈಸರ್ ತಗೊಳ್ಳಲಿ?" ಅಂತ. ನನ್ನ ಮಟ್ಟಿಗೆ ಅದು ನಾಲ್ಕನೇ ಪ್ರಶ್ನೆ. ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ), ಅರ್ತಿಂಗ್, ಹೈ ವೋಲ್ಟೇಜ್ ಕಟ್-ಆಫ್ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟು ಕಡಿಯುವ ವ್ಯವಸ್ಥೆ), ಈ ಮೂರೂ ಸರಿಯಾದ ಮೇಲೆ ಅದರ ಮಾತು. ಇವನ್ನು ಬಿಟ್ಟು ಬರೀ ಸ್ಟೆಬಿಲೈಸರ್ ತಂದಿಟ್ಟರೆ ಸಂಜೆಯ ಡಿಮ್ ಕರೆಂಟಿಗೆ ಉಪಾಯ ಸಿಗುತ್ತದೆ, ರಿಸೀವರ್ (ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರ್ ಡಬ್ಬಿ) ಸುಡುವುದು ಮಾತ್ರ ತಪ್ಪುವುದಿಲ್ಲ. ನಮ್ಮ ಕಡೆ ಸಾಮಾನು ಸುಡುವುದು ಹೆಚ್ಚಾಗಿ ಲೋ ವೋಲ್ಟೇಜಿನಿಂದಲ್ಲ.

ಮೊದಲು ಲೋ ವೋಲ್ಟೇಜ್ ಯಾಕೆ ಬರುತ್ತದೆ ನೋಡಿ. ಒಂಟಿ ಮನೆಗಳು, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ತೋಟದ ಅಂಚಿಗೆ ಕಿಲೋಮೀಟರ್‌ಗಟ್ಟಲೆ ಎಳೆದ ಲೈನ್. ಹಳ್ಳಿಯ ಲೈನಿಗೆ ಹಾಕುವ ವೀಸಲ್ ಎಂಬ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಹೋಗುವುದೊಂದು, ಬರುವುದೊಂದು ಅಂದರೆ 1.8 ಓಮ್. ಲೈನಿನ ತುದಿಯ ಮನೆಯಲ್ಲಿ 3 ಕಿಲೋವಾಟ್ ಗೀಸರ್ ಹಾಕಿದರೆ 13 ಆಂಪಿಯರ್ ಹರಿದು, ಆ ಒಂದು ಕಿಲೋಮೀಟರಿನಲ್ಲೇ 23 ವೋಲ್ಟ್ ಕರಗಿಹೋಗುತ್ತದೆ. ಅದರ ಜೊತೆಗೆ ಅದೇ ಟಿಸಿಯ ಮೇಲೆ ತೋಟಕ್ಕೆ ನೀರೆತ್ತುವ ಐಪಿ ಸೆಟ್‌ಗಳು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರಗಳು. ಮೋಟಾರ್ ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಸಂಜೆ ಏಳಕ್ಕೆ ಬಲ್ಬು ಒಮ್ಮೆ ಕುಗ್ಗಿ ಮತ್ತೆ ಏಳುವುದು ಇದರಿಂದಲೇ. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟುಕೊಟ್ಟ ಸೀಮೆ ನಮ್ಮದು. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆಯಲ್ಲೇ ಮನೆಯ ಮೀಟರ್ 160 ತೋರಿಸುವುದು ನೋಡಿದರೆ ನೋವಾಗುತ್ತದೆ. ಆದರೆ ಅಲ್ಲಿಯ ಕರೆಂಟು 220 ಕೆವಿ ಲೈನ್ ಹತ್ತಿ ದೂರ ಹೋಗುತ್ತದೆ. ನಮಗೆ ಬರುವುದು ಸಬ್‌ಸ್ಟೇಷನ್ನಿನಿಂದ ಕಾಡು ದಾಟಿ ಬರುವ 11 ಕೆವಿ ಫೀಡರಿನಲ್ಲಿ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಸಾಕೆಟ್ಟಿಗೆ ಚುಚ್ಚುವ ಒಂದು ಡಿಜಿಟಲ್ ವೋಲ್ಟ್ ಮೀಟರ್ ತನ್ನಿ. ಬೆಳಿಗ್ಗೆ, ಪಂಪುಗಳಿಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ, ಸಂಜೆ ಏಳರಿಂದ ಒಂಬತ್ತರೊಳಗೆ, ರಾತ್ರಿ ಹನ್ನೆರಡರ ಮೇಲೆ ಎಷ್ಟೆಷ್ಟು ಅಂತ ಒಂದು ವಾರ ಬರೆದಿಡಿ. ರಾತ್ರಿಯದ್ದು ಬಿಡಲೇಬೇಡಿ. ಪಂಪೆಲ್ಲ ನಿಂತ ಮೇಲೆ ಕೆಲವು ಕಡೆ 255–260ಕ್ಕೆ ಏರಿರುತ್ತದೆ, ಸಂಜೆಯ ಡಿಮ್ಮಿನ ಗಲಾಟೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. 230ರ ಆಚೀಚೆ ಶೇಕಡಾ 10, ಅಂದರೆ 207ರಿಂದ 253ರೊಳಗೆ ಇದ್ದರೆ ನಿಮಗೆ ಸ್ಟೆಬಿಲೈಸರ್ ಬೇಕೇ ಇಲ್ಲ.

ಲೋ ವೋಲ್ಟೇಜ್ ಒಂದೊಂದು ಸಾಮಾನಿಗೆ ಒಂದೊಂದು ಥರ ಕಾಟ ಕೊಡುತ್ತದೆ. ಟಿವಿ, ಸೆಟ್-ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಡಬ್ಬಿಗಳ ಹಿಂದೆ ಸಾಮಾನ್ಯವಾಗಿ 100–240 ವೋಲ್ಟ್ ಅಂತ ಬರೆದಿರುತ್ತದೆ. ಅವು 150ರಲ್ಲೂ ನಡೆಯುತ್ತವೆ. ಆದರೆ ಒಳಗಿನ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡುವ ಪವರ್ ಸಪ್ಲೈ) ಅಷ್ಟೇ ವಾಟ್ ಎಳೆಯಬೇಕಾದ್ದರಿಂದ ಕರೆಂಟು ಒಂದೂವರೆ ಪಟ್ಟಾಗಿ ಪವರ್ ಬೋರ್ಡ್ ಬಿಸಿಯಾಗುತ್ತದೆ. ರಿಸೀವರಿನ ಕತೆ ಬೇರೆ. ಅದರೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ, ಒಳಗೆ ಬಂದದ್ದು ಕುಗ್ಗಿದಷ್ಟೇ ಆಂಪ್ಲಿಫೈಯರಿಗೆ ಸಿಗುವುದೂ ಕುಗ್ಗುತ್ತದೆ. 170 ವೋಲ್ಟಿನಲ್ಲಿ 100 ವಾಟಿನ ಚಾನೆಲ್ಲಿಂದ ಬರುವುದು 55 ವಾಟಿನಷ್ಟು ಮಾತ್ರ. ಫೈಟಿಂಗ್ ದೃಶ್ಯದಲ್ಲಿ ವಾಲ್ಯೂಮ್ ಏರಿಸಿದರೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತದೆ (ಅಲೆಯ ತುದಿ ಕತ್ತರಿಸಿ ಸದ್ದು ಕೆಡುತ್ತದೆ), ಆ ಕ್ಲಿಪ್ಪಿಂಗ್ ಟ್ವೀಟರನ್ನು (ಕೀಚಲು ಸದ್ದಿನ ಸಣ್ಣ ಸ್ಪೀಕರನ್ನು) ಸುಡುತ್ತದೆ. ಸಂಜೆ ಹೊತ್ತು ಸದ್ದು ಒರಟಾಯಿತು ಅನ್ನಿಸಿದರೆ ಸ್ಪೀಕರನ್ನು ಬೈಯಬೇಡಿ, ವೋಲ್ಟ್ ಮೀಟರ್ ನೋಡಿ. ಸಬ್‌ವೂಫರ್ ಟಕ್ಕೆಂದು ಆಫ್ ಆಗಿ ಮತ್ತೆ ಆನ್ ಆಗುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ದಿಢೀರನೆ ಕರೆಂಟು ಹೋಗುವುದೇ ದೊಡ್ಡ ಪೆಟ್ಟು. ಫ್ಯಾನ್ ನಿಂತು ಬಿಸಿ ಒಳಗೇ ಉಳಿದು ಲ್ಯಾಂಪಿನ ಆಯುಸ್ಸು ಕಡಿಮೆಯಾಗುತ್ತದೆ.

ಈಗ ನಿಜವಾಗಿ ಸುಡುವ ವಿಷಯಕ್ಕೆ ಬರೋಣ: ನ್ಯೂಟ್ರಲ್ ಕಟ್.

ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿಯುತ್ತದೆ. ಕಂಬದ ಮೇಲೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ವೈರನ್ನು ನೇರವಾಗಿ ಸುತ್ತಿದ ಜಾಯಿಂಟ್ ನೀರು ಕುಡಿದು ಕಿಲುಬು ಹಿಡಿಯುತ್ತದೆ. ಹರಿದದ್ದು ಫೇಸ್ ಆದರೆ ಕರೆಂಟು ಹೋಗುತ್ತದೆ, ಅಷ್ಟೇ. ನ್ಯೂಟ್ರಲ್ ಆದರೆ ಬೇರೆ ಬೇರೆ ಫೇಸಿನ ಮೇಲಿರುವ ಎರಡು ಮನೆಗಳು 400 ವೋಲ್ಟಿಗೆ ಸರಣಿಯಾಗಿ ಸೇರಿಕೊಳ್ಳುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಮನೆಯಲ್ಲಿ 2000 ವಾಟ್ ಗೀಸರ್, ಇನ್ನೊಂದರಲ್ಲಿ 250 ವಾಟಿನ ಟಿವಿ-ರಿಸೀವರ್ ಸೆಟ್. ಗೀಸರ್ ಮನೆಗೆ ಸಿಗುವುದು 45 ವೋಲ್ಟ್, ಟಿವಿ ಮನೆಗೆ 355. ಕಡಿಮೆ ಲೋಡ್ ಇದ್ದವನಿಗೇ ಜಾಸ್ತಿ ಏಟು. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. 355 ವೋಲ್ಟ್ ಎಸಿ ಡಿಸಿಗೆ ತಿರುಗಿದಾಗ 500 ಆಗುತ್ತದೆ. ಕೆಪಾಸಿಟರಿನ ತಲೆ ಉಬ್ಬಿ ಒಡೆಯುವುದು ಆಗ. ಒಂದೇ ಸಂಜೆ ಕೇರಿಯ ನಾಲ್ಕಾರು ಮನೆಯಲ್ಲಿ ಟಿವಿ ಹೋಯಿತು ಅಂದರೆ ಎಲ್ಲರೂ ಸಿಡಿಲು ಅನ್ನುತ್ತಾರೆ. ಗುಡುಗೇ ಇಲ್ಲದ ದಿನ ಹಾಗಾದರೆ ಮೊದಲು ನ್ಯೂಟ್ರಲ್ ಮೇಲೆ ಅನುಮಾನ ಪಡಿ.

ಇದಕ್ಕೊಂದು ಗುರುತಿದೆ, ಮನೆಯವರಿಗೆಲ್ಲ ಹೇಳಿಕೊಡಿ. ತ್ರೀ ಫೇಸ್ ಮನೆಯಲ್ಲಿ ಒಂದು ಕೋಣೆಯ ಬಲ್ಬು ಮಂಕಾಗಿ, ಅದೇ ಹೊತ್ತಿಗೆ ಇನ್ನೊಂದು ಕೋಣೆಯದ್ದು ಕಣ್ಣು ಕುಕ್ಕುವಷ್ಟು ಉರಿದರೆ ನ್ಯೂಟ್ರಲ್ ಹೋಗಿದೆ. ಟಿವಿ ಆಫ್ ಮಾಡಲು ರಿಮೋಟ್ ಹುಡುಕಬೇಡಿ, ನೇರ ಮೇನ್ ಸ್ವಿಚ್ ಇಳಿಸಿ. ಆಮೇಲೆ 1912ಕ್ಕೆ ಫೋನ್ ಮಾಡಿ, "ಕರೆಂಟು ಸರಿ ಇಲ್ಲ" ಅನ್ನುವ ಬದಲು "ನ್ಯೂಟ್ರಲ್ ಕಟ್ ಆಗಿರಬೇಕು" ಎಂದೇ ಹೇಳಿ, ಕೆಲಸ ಬೇಗ ಆಗುತ್ತದೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳೊಳಗೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಜಾಯಿಂಟನ್ನು ಬೈಮೆಟಲ್ ಕನೆಕ್ಟರ್ (ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಹೊಂದುವ ಜೋಡಣೆ) ಹಾಕಿ ಕಟ್ಟಿಕೊಡಲು ಲೈನ್‌ಮ್ಯಾನ್ ಹತ್ತಿರ ಕೇಳಿ. ಕಂಬ ನೀವು ಹತ್ತಬೇಡಿ, ಮನೆಯ ಎಲೆಕ್ಟ್ರಿಷಿಯನ್ನನ್ನೂ ಹತ್ತಿಸಬೇಡಿ. ಮನೆಯೊಳಗಿನ ಡಿಬಿಯಲ್ಲಿ (ಎಂಸಿಬಿ ಸ್ವಿಚ್ಚುಗಳಿರುವ ಪೆಟ್ಟಿಗೆಯಲ್ಲಿ) ನ್ಯೂಟ್ರಲ್ ಬಾರಿನ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ ಮೇನ್ ಇಳಿಸಿ ಬಿಗಿ ಮಾಡಿಸಿ. ತ್ರೀ ಫೇಸ್ ಮನೆಯಲ್ಲಿ ಅದು ಸಡಿಲಾದರೂ ಇದೇ ಗತಿ.

ಇಷ್ಟಾದರೂ ಕಂಬದಲ್ಲಿ ಆಗುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಡಿಬಿಯಲ್ಲಿ ಕೂರಿಸುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಎರಡು ಎಂಸಿಬಿಯಷ್ಟು ಅಗಲ, ಮುಂದೆ ವೋಲ್ಟೇಜ್ ಅಂಕಿ ತೋರಿಸುತ್ತದೆ, ಮಿತಿ ದಾಟಿದರೆ ತಾನೇ ಕಡಿದು, ಸರಿಯಾದ ಮೇಲೆ ತಾನೇ ಜೋಡಿಸುತ್ತದೆ. ಒಂದು ಹೋಮ್ ಥಿಯೇಟರಿಗೆ ನಾನು ಒಂದೇ ವಸ್ತು ಸೂಚಿಸಬೇಕಾದರೆ ಇದನ್ನೇ ಸೂಚಿಸುತ್ತೇನೆ. ಮೇಲಿನ ಮಿತಿ 265 ಇಡಿ, ಮತ್ತೆ ಜೋಡಿಸುವ ವಿಳಂಬ 180 ಸೆಕೆಂಡ್. ಫೀಡರ್ ಚಾರ್ಜ್ ಮಾಡುವಾಗ ಕರೆಂಟು ಎರಡು ಮೂರು ಸಲ ಬಂದು ಹೋಗಿ ಮಾಡುತ್ತದಲ್ಲ, ಆ ಹೊಡೆತವೆಲ್ಲ ಮೂರು ನಿಮಿಷದಲ್ಲಿ ಹೊರಗೇ ಕಳೆಯುತ್ತದೆ. ಕೆಳಗಿನ ಮಿತಿಯಲ್ಲಿ ಜನ ಎಡವುತ್ತಾರೆ. ಪ್ರೊಟೆಕ್ಟರನ್ನು 180ಕ್ಕೆ ಇಟ್ಟು ಅದರ ಹಿಂದೆ 140ರಿಂದ ಎತ್ತುವ ಸ್ಟೆಬಿಲೈಸರ್ ಹಾಕಿದರೆ, ಸ್ಟೆಬಿಲೈಸರ್ ಕೆಲಸ ಮಾಡಬೇಕಾದ ಹೊತ್ತಿಗೆ ಅದಕ್ಕೆ ಕರೆಂಟೇ ಸಿಗುವುದಿಲ್ಲ. ಎರಡೂ ಇದ್ದರೆ ಕೆಳಗಿನ ಮಿತಿ ಸ್ಟೆಬಿಲೈಸರಿನ ಕನಿಷ್ಠಕ್ಕೆ ಸರಿಯಾಗಿರಲಿ, ಮಿತಿ ಬದಲಾಯಿಸಲು ಬರುವ ಮಾದರಿಯನ್ನೇ ಕೊಳ್ಳಿ.

ಈಗ ಸ್ಟೆಬಿಲೈಸರ್. ಅಂಗಡಿಯಲ್ಲಿ "ಸರ್ವೋ ತಗೊಳ್ಳಿ, ಅದೇ ಬೆಸ್ಟು" ಅನ್ನುತ್ತಾರೆ. ಸರ್ವೋ ಅಂದರೆ ಒಳಗೆ ಮೋಟಾರ್ ತಿರುಗಿ ವೋಲ್ಟೇಜ್ ಸರಿಮಾಡುವ ಸ್ಟೆಬಿಲೈಸರ್. ನಿಧಾನವಾಗಿ ಏರಿಳಿಯುವ ಕಡೆ ಆ ಮಾತು ನಿಜ, ಶೇಕಡಾ 1ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ನಮ್ಮಲ್ಲಿ ಆಗುವುದು ಬೇರೆ. 150 ವೋಲ್ಟ್ ಇದ್ದಾಗ ಸ್ಟೆಬಿಲೈಸರ್ ಅದನ್ನು ಒಂದೂವರೆ ಪಟ್ಟು ಎತ್ತಿ 225 ಕೊಡುತ್ತಿರುತ್ತದೆ. ಅಷ್ಟರಲ್ಲಿ ನಾಲ್ಕು ಪಂಪು ಒಟ್ಟಿಗೆ ನಿಂತು ಲೈನ್ 230ಕ್ಕೆ ಹಾರುತ್ತದೆ. ಒಳಗಿನ ಮೋಟಾರ್ ತಿರುಗಿ ಇಳಿಸುವವರೆಗೆ ಹೊರಗೆ ಹೋಗುವುದು 345 ವೋಲ್ಟ್. ಸರ್ವೋ ಸೆಕೆಂಡಿಗೆ 40 ವೋಲ್ಟ್ ಸರಿಪಡಿಸುತ್ತದೆ ಅಂದುಕೊಂಡರೂ ಎರಡು-ಮೂರು ಸೆಕೆಂಡು ನಿಮ್ಮ ರಿಸೀವರ್ ಅದನ್ನು ತಿನ್ನಬೇಕು. ರಿಲೇ (ಸ್ವಿಚ್ಚಿನ ಹಾಗೆ ಟಕ್ಕನೆ ಬದಲಾಯಿಸುವ) ಸ್ಟೆಬಿಲೈಸರ್ ಒರಟು, ಹೊರಗೆ ಕೊಡುವುದು ಶೇಕಡಾ 10 ಆಚೀಚೆ ಆಗುತ್ತದೆ, ಟಕ್ ಟಕ್ ಸದ್ದೂ ಇದೆ. ಆದರೆ ಅದೇ ಏಟನ್ನು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಸುತ್ತದೆ. ಪಂಪುಗಳ ನಡುವೆ ಇರುವ ಮನೆಗೆ ಹೈ ಕಟ್-ಆಫ್ ಇರುವ ಒಳ್ಳೆಯ ರಿಲೇ ಸ್ಟೆಬಿಲೈಸರೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವೋನೇ ಬೇಕೆಂದರೆ, ಅದು ಹೊರಗೆ ಕೊಡುವ ವೋಲ್ಟೇಜ್ ಮಿತಿ ಮೀರಿದಾಗ ಕಾಂಟ್ಯಾಕ್ಟರ್ (ಒಳಗಿನ ಸ್ವಿಚ್ಚು) ಕರೆಂಟು ಕಡಿಯುತ್ತದೆಯೇ ಅಂತ ಕೇಳಿ ಕೊಳ್ಳಿ.

ಅಳತೆಯ ವಿಷಯ: 55 ಇಂಚಿನ ಟಿವಿ 100–150 ವಾಟ್, ಸಿನಿಮಾ ನಡೆಯುವಾಗ ರಿಸೀವರ್ 100–200, ಸಬ್‌ವೂಫರ್ ಗುಡುಗಿದಾಗ 300–500. 2 ಕೆವಿಎ ಸಾಕು. 1 ಕೆವಿಎ ತಂದರೆ ಲೋ ವೋಲ್ಟೇಜಿನಲ್ಲಿ ಅದು ಅಷ್ಟು ಹೊರುವುದಿಲ್ಲ, ಯಾಕೆಂದರೆ ಕಂಪನಿ ಬರೆದ ಸಾಮರ್ಥ್ಯ 230ರ ಹತ್ತಿರದ್ದು.

ಇನ್ನೊಂದು ದೊಡ್ಡ ತಪ್ಪು ನಂಬಿಕೆ: "ಇನ್ವರ್ಟರ್ ಇದೆ, ಏನೂ ಆಗಲ್ಲ." ಕರೆಂಟು ಇರುವಾಗ ಮಾಮೂಲಿ ಮನೆ ಇನ್ವರ್ಟರ್ ಲೈನಿನಲ್ಲಿ ಬಂದದ್ದನ್ನು ಹಾಗೇ ಒಳಗೆ ಬಿಡುತ್ತದೆ, 250 ಬಂದರೆ 250. ಹಿಂದೆ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಸುಮಾರು 180ರಿಂದ 260ರ ಹೊರಗೆ ಹೋದಾಗ ಬ್ಯಾಟರಿಗೆ ಬದಲಾಗುತ್ತದೆ, ರಿಸೀವರ್ ರೀಸ್ಟಾರ್ಟ್ ಆಗದಷ್ಟು ಬೇಗ. ನಾರ್ಮಲ್ ಮೋಡಿನಲ್ಲಿ ಆ ಹರವು 100ರಿಂದ 290. ಅಂದರೆ ರಕ್ಷಣೆ ಇಲ್ಲ ಎಂದೇ ಲೆಕ್ಕ. ಸ್ಕ್ವೇರ್ ವೇವ್ ಇನ್ವರ್ಟರಿಗೆ ರಿಸೀವರ್ ಹಾಕಲೇಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಪ್ಯೂರ್ ಸೈನ್ ವೇವ್ ಇರಲಿ. 150 ಎಎಚ್ ಬ್ಯಾಟರಿಯಿಂದ ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದು ಯೂನಿಟ್, 250 ವಾಟಿನ ಸೆಟ್ಟಿಗೆ ನಾಲ್ಕು ಗಂಟೆ. ದುಡ್ಡಿದ್ದರೆ ಆನ್‌ಲೈನ್ ಯುಪಿಎಸ್ ಎಲ್ಲಕ್ಕಿಂತ ಶುದ್ಧ. ಎಸಿಯನ್ನು ಡಿಸಿ ಮಾಡಿ ಮತ್ತೆ ಹೊಸದಾಗಿ ಎಸಿ ಮಾಡುವುದರಿಂದ ಲೈನಿನ ಏರಿಳಿತ ಒಳಗೆ ಬರುವುದೇ ಇಲ್ಲ. ಆದರೆ ಫ್ಯಾನ್ ಸದ್ದು ಮಾಡುತ್ತದೆ, ಸುಮ್ಮನೆ ಆನ್ ಇದ್ದರೂ ಕರೆಂಟು ತಿನ್ನುತ್ತದೆ. ಪಕ್ಕದ ಕೋಣೆಯಲ್ಲಿಟ್ಟು, ಸಿನಿಮಾ ನೋಡುವಾಗ ಮಾತ್ರ ಹಾಕಿ.

ಸಿಡಿಲಿಗೆ ಇವು ಯಾವುವೂ ಸಾಲವು. ಭರಣಿ, ಕೃತ್ತಿಕೆಯ ಗುಡುಗು, ಮತ್ತೆ ಚಿತ್ತೆ, ಸ್ವಾತಿಯದ್ದು, ಇವೆರಡೇ ನಮ್ಮ ಕಡೆ ಹೆಚ್ಚು ಹಾಳುಮಾಡುವ ಹೊತ್ತು. ಡಿಬಿಯಲ್ಲಿ, ಸಿಡಿಲಿನ ಹೊಡೆತವನ್ನು ನೆಲಕ್ಕೆ ಹಾಯಿಸುವ ಟೈಪ್ 2 ಎಸ್‌ಪಿಡಿ ಹಾಕಿಸಿ, 40 ಕೆಎ, 320 ವೋಲ್ಟಿನದು. ಬೋಳು ಗುಡ್ಡದ ಮೇಲಿನ ಮನೆಗೆ ಟೈಪ್ 1+2 ಇರಲಿ. ಎಸ್‌ಪಿಡಿಗೆ ಹೋಗುವ ಮತ್ತು ಅಲ್ಲಿಂದ ಅರ್ತ್ ಬಾರಿಗೆ ಬರುವ ವೈರು ಒಟ್ಟು ಅರ್ಧ ಮೀಟರ್ ಮೀರಬಾರದು, ಉದ್ದವಾದರೆ ಆ ವೈರಿನಲ್ಲೇ ವೋಲ್ಟೇಜ್ ಏಳುತ್ತದೆ. ಹಸಿರು ಕಿಟಕಿ ಕೆಂಪಾದರೆ ಕಾರ್ಟ್ರಿಜ್ ಬದಲಿಸಿ. ಆದರೆ ಸಿಡಿಲು ಬರುವ ಇನ್ನೊಂದು ದಾರಿ ಛಾವಣಿಯ ಡಿಶ್ ಕೇಬಲ್. ಪ್ಲಗ್ ಕಿತ್ತಿಟ್ಟು ಡಿಶ್ ಕೇಬಲ್ ಹಾಗೇ ಬಿಟ್ಟರೆ ಅದು ಸೆಟ್-ಟಾಪ್ ಬಾಕ್ಸಿಗೆ ಬಂದು, ಅಲ್ಲಿಂದ ಎಚ್‌ಡಿಎಂಐ ಹಿಡಿದು ರಿಸೀವರಿಗೆ ಹೋಗುತ್ತದೆ. ಸದ್ದು ಬರುತ್ತದೆ, ಚಿತ್ರ ಇಲ್ಲ ಅನ್ನುವ ರಿಸೀವರುಗಳಲ್ಲಿ ಬಹಳಷ್ಟು ಹೀಗೆ ಎಚ್‌ಡಿಎಂಐ ಚಿಪ್ ಸತ್ತವು. ಫೈಬರ್ ಇಂಟರ್ನೆಟ್ ಇದ್ದರೂ ಮೋಡೆಮ್ಮಿನಿಂದ ಬರುವ ಲ್ಯಾನ್ ಕೇಬಲ್ ತಾಮ್ರದ್ದೇ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್, ಡಿಶ್ ಕೇಬಲ್, ಲ್ಯಾನ್ ಮೂರನ್ನೂ ಬಿಚ್ಚಿ. ತಲೆಯ ಮೇಲೆ ಬಂದ ಮೇಲೆ ಮುಟ್ಟಬೇಡಿ.

ಅರ್ತಿಂಗ್ ಇಲ್ಲದೆ ಎಸ್‌ಪಿಡಿ ಹಾಕಿದರೆ ಹೊಡೆತ ಹೋಗುವುದೆಲ್ಲಿಗೆ? ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಮಾರ್ಚ್ ಹೊತ್ತಿಗೆ ಒಣಗಿ ಕೈಕೊಡುತ್ತದೆ. ಮೊದಲ ಗುಡುಗು ಬರುವುದೂ ಆ ಒಣಗಿದ ನೆಲದ ಮೇಲೇ. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು-ಉಪ್ಪು ಪದರ ಪದರವಾಗಿ ತುಂಬಿ. ಉಪ್ಪು ಕೆಲವು ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ಹೊಸದಾಗಿ ಮಾಡಿಸುವವರು ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಹಾಕಿಸುವುದು ಉತ್ತಮ. ಗುಂಡಿ ಬಚ್ಚಲ ನೀರು ಹೋಗುವ ಕಡೆ ಇದ್ದರೆ ಬೇಸಿಗೆಯಲ್ಲೂ ತೇವ ಇರುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಏಪ್ರಿಲ್‌ನಲ್ಲಿ ಅಳತೆ ಮಾಡಿಸಿ, 5 ಓಮ್ ಒಳಗಿರಲಿ. ಜುಲೈಯಲ್ಲಿ ಅಳೆದರೆ ಎಲ್ಲರ ಅರ್ತಿಂಗೂ ಚೆನ್ನಾಗಿಯೇ ಕಾಣುತ್ತದೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್-ಅರ್ತ್ ನಡುವೆ 2–3 ವೋಲ್ಟ್ ಇರಬಹುದು, 5 ದಾಟಿದರೆ ಕಾರಣ ಹುಡುಕಿಸಿ.

ಸ್ಪೀಕರಿನಲ್ಲಿ ಹಮ್ (ಗುಂಯ್ ಸದ್ದು) ಬರುತ್ತದೆ ಅಂತ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಲೋಹದ ಡಬ್ಬಿ ಮುಟ್ಟಿದವರ ಜೀವಕ್ಕೆ ಅಪಾಯ. ಡಿಶ್ ಕೇಬಲ್ ಬಿಚ್ಚಿ ನೋಡಿ, ಹಮ್ ನಿಂತರೆ ಆ ಕೇಬಲ್ಲಿಗೆ ಐಸೊಲೇಟರ್ ಹಾಕಿ. ಇಡೀ ಸೆಟ್ಟಿಗೆ ಡಿಬಿಯಿಂದಲೇ 2.5 ಚದರ ಮಿಲಿಮೀಟರ್ ತಾಮ್ರದ ಪ್ರತ್ಯೇಕ ಲೈನ್, 16 ಆಂಪಿಯರ್ ಎಂಸಿಬಿ, ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೊಟ್ಟು ಎಲ್ಲವನ್ನೂ ಒಂದೇ ಬೋರ್ಡಿಗೆ ಚುಚ್ಚಿದರೆ ಹಮ್ ಬಹುಪಾಲು ಹೋಗುತ್ತದೆ.

ಆಗುಂಬೆ, ಹುಲಿಕಲ್ ಕಡೆಯವರಿಗೆ ತೇವದ ಕಾಟ ಬೇರೆ. ಆಷಾಢದಲ್ಲಿ ಎರಡು ಮೂರು ದಿನ ಕರೆಂಟಿಲ್ಲದೆ ತಣ್ಣಗಾದ ರಿಸೀವರಿನೊಳಗೆ ತೇವ ಕೂತಿರುತ್ತದೆ. ಕರೆಂಟು ಬಂದ ಮೇಲೆ ಅರ್ಧ ಗಂಟೆ ಸ್ಟ್ಯಾಂಡ್‌ಬೈನಲ್ಲಿಟ್ಟು ಆಮೇಲೆ ಆನ್ ಮಾಡಿ. ಸಾಕೆಟ್ ಪಿನ್ನು ಹಸಿರುಗಟ್ಟಿದ್ದರೆ ಸಾಕೆಟ್ಟನ್ನೇ ಬದಲಿಸಿ. ಸ್ಟೆಬಿಲೈಸರಿನ ಗಾಳಿಕಿಂಡಿಯಲ್ಲಿ ಬೆಚ್ಚಗಿರುತ್ತದೆ ಅಂತ ಹಲ್ಲಿ, ಇರುವೆ ಹೊಕ್ಕು ರಿಲೇ ನಡುವೆ ಸಿಕ್ಕಿ ಶಾರ್ಟ್ ಆಗುವುದು ಸಾಮಾನ್ಯ. ಕಿಂಡಿ ಮುಚ್ಚಬೇಡಿ, ಒಳಗಿನಿಂದ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಸರ್ವಿಸ್ ಮಾಡುವವರ ಕೈಯಲ್ಲೇ ಹಾಕಿಸಿ, ವೈರಿಗೆ ತಾಗದಂತೆ.