ನನ್ನ ಪಾಲಿಗೆ ಸತ್ತವನು

ಹೋದ ತಿಂಗಳು ಮನೆ ಪ್ರಾರ್ಥನೆ ಮುಗಿಸಿ ಎಲ್ಲರೂ ಚಾ ಕುಡಿಯುತ್ತಾ ಕೂತಿದ್ದೆವು. ಬೈಬಲ್ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿರುವ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಹುಡುಗ, ಚೆನ್ನಾಗಿ ಹಾಡುತ್ತಾನೆ. ಮಾತಿನ ನಡುವೆ ನಮ್ಮ ಪಕ್ಕದ ಮನೆಯ ಅಕ್ಕನ ವಿಷಯ ಬಂತು. ಅವರು ಕ್ರೈಸ್ತರಲ್ಲ. ನನ್ನ ಅಮ್ಮ ಹಾಸಿಗೆ ಹಿಡಿದಿದ್ದ ಏಳು ತಿಂಗಳು ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತರುತ್ತಿದ್ದವರು ಅವರೇ. ತಂದಿಟ್ಟು ಹೋಗುತ್ತಿರಲಿಲ್ಲ. ಅನ್ನವನ್ನು ಬೆರಳಲ್ಲೇ ನುಣ್ಣಗೆ ಕಿವುಚಿ, ಬಿಸಿ ಎಷ್ಟಿದೆ ಅಂತ ತಮ್ಮ ಅಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಚಮಚ ಚಮಚವಾಗಿ ಕುಡಿಸಿ, ಅಮ್ಮನ ಗಲ್ಲ ಒರೆಸಿಯೇ ಏಳುತ್ತಿದ್ದರು.

ನಾನು ಇದನ್ನೇ ಹೇಳುತ್ತಿದ್ದೆ. ಹುಡುಗ ತುಂಬಾ ಮರ್ಯಾದೆಯಿಂದಲೇ ಹೇಳಿದ: "ಒಳ್ಳೆಯವರೇ ಇರಬಹುದು ಅಂಕಲ್. ಆದ್ರೆ ಆತ್ಮಿಕವಾಗಿ ಸತ್ತವರು, ಅಲ್ವಾ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಅವನ ವಯಸ್ಸಿನಲ್ಲಿ ನಾನೂ ಹೇಳಿದ್ದೇನೆ. ಆದರೆ "ಆತ್ಮಿಕ ಮರಣ" ಅನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಬೇರೆಯವರ ಹಣೆಗೆ ಅಂಟಿಸುತ್ತೇವೆ ಅನ್ನುವುದು ಅವತ್ತು ಚುಚ್ಚಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. "ಆತ್ಮಿಕ ಮರಣ" ಅನ್ನುವ ಜೋಡಿಪದ ಬೈಬಲಿನಲ್ಲಿ ಇಲ್ಲ. ಅದು ದೇವಶಾಸ್ತ್ರದವರು ಕಟ್ಟಿದ ಹೆಸರು. ಆದರೆ ಆ ಹೆಸರು ಹೇಳುವ ಸಂಗತಿ ಬೈಬಲಿನ ಮೊದಲ ಪುಟಗಳಲ್ಲೇ ಇದೆ. ಏದೆನ್ ತೋಟದ ಒಂದು ಮರದ ಬಗ್ಗೆ ದೇವರು ಆದಾಮನಿಗೆ ಎಚ್ಚರಿಕೆ ಕೊಡುತ್ತಾರೆ: ಅದರ ಹಣ್ಣು ತಿಂದ ದಿನ ಸತ್ತೇ ಹೋಗುವಿ. ಹೀಬ್ರೂವಿನಲ್ಲಿ ಇಲ್ಲಿ ಸಾಯುವ ಕ್ರಿಯಾಪದ ಎರಡು ಸಲ ಬರುತ್ತದೆ, ಒತ್ತಿ ಹೇಳುವುದಕ್ಕೆ. ಕನ್ನಡದ "ಸತ್ತೇ ಹೋಗುವಿ" ಅನ್ನುವುದರಲ್ಲಿ ಆ ಒತ್ತು ಹಾಗೇ ಬಂದಿದೆ. ನನಗೆ ತುಂಬಾ ಇಷ್ಟದ ಅನುವಾದ ಇದು.

ಸರಿ, ಅವರು ತಿಂದರು. ಸತ್ತರಾ? ಆದಿಕಾಂಡದ 5ನೇ ಅಧ್ಯಾಯ ನೋಡಿದರೆ ಆದಾಮ 930 ವರ್ಷ ಬದುಕಿದ. ಸಂಡೇ ಸ್ಕೂಲಿನಲ್ಲಿ ಪ್ರತಿ ವರ್ಷ ಯಾವುದಾದರೂ ಮಗು ಈ ಪ್ರಶ್ನೆ ಕೇಳುತ್ತದೆ. ದೇವರು ಸುಳ್ಳು ಹೇಳಿದರಾ? ಹಿಂದಿನವರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ದೇವರಿಗೆ ಒಂದು ದಿನ ಸಾವಿರ ವರ್ಷದ ಹಾಗೆ, ಆದಾಮ ಸಾವಿರ ತುಂಬುವ ಮೊದಲೇ ಸತ್ತ ಅಂದವರಿದ್ದಾರೆ. ಸಾವಿನ ತೀರ್ಪು ಅವತ್ತು ಆಯಿತು, ಜಾರಿಗೆ ಬಂದದ್ದು ಆಮೇಲೆ ಅಂದವರೂ ಇದ್ದಾರೆ. ಇರಲಿ. ನಾನಂತೂ ಮಕ್ಕಳಿಗೆ, ಅವತ್ತು ಸಂಜೆ ಏನು ನಡೆಯಿತು ಅಂತ ಓದಿ ಅನ್ನುತ್ತೇನೆ.

ಅವತ್ತು ಸಂಜೆ ತಂಗಾಳಿ ಬೀಸುವ ಹೊತ್ತಿಗೆ ದೇವರು ತೋಟದಲ್ಲಿ ತಿರುಗಾಡುವ ಸಪ್ಪಳ ಕೇಳುತ್ತದೆ. ಅವರಿಬ್ಬರೂ ಮರಗಳ ಹಿಂದೆ ಅಡಗುತ್ತಾರೆ. "ಎಲ್ಲಿದ್ದೀ?" ಅಂತ ದೇವರು ಕೂಗುತ್ತಾರೆ. ಹೆದರಿ ಅಡಗಿಕೊಂಡೆ ಅನ್ನುತ್ತಾನೆ ಆದಾಮ. ಯಾಕೆ ತಿಂದೆ ಅಂದರೆ, ನೀನು ಕೊಟ್ಟ ಈ ಹೆಂಗಸೇ ಕಾರಣ ಅನ್ನುತ್ತಾನೆ. ಒಂದೇ ಮಾತಿನಲ್ಲಿ ದೇವರ ಮೇಲೂ ದೂರು, ಹೆಂಡತಿಯ ಮೇಲೂ ದೂರು. ಮುಂದಿನ ಅಧ್ಯಾಯದಲ್ಲಿ ಅಣ್ಣನೇ ತಮ್ಮನನ್ನು ಕೊಲ್ಲುತ್ತಾನೆ. ಉಸಿರು ನಿಂತಿಲ್ಲ. ಆದರೆ ನೆನ್ನೆವರೆಗೆ ಯಾರ ಹೆಜ್ಜೆ ಸಪ್ಪಳ ಕೇಳಿದರೆ ಓಡಿ ಬರುತ್ತಿದ್ದರೋ, ಇವತ್ತು ಅದೇ ಸಪ್ಪಳಕ್ಕೆ ಎದೆ ನಡುಗುತ್ತದೆ. ಅವತ್ತು ಸತ್ತದ್ದು ಇದು.

ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತೊಂದಿದೆ. "ಅವನು ನನ್ನ ಪಾಲಿಗೆ ಸತ್ತ." ಎಷ್ಟು ಮನೆಗಳಲ್ಲಿ ಕೇಳಿಲ್ಲ ನಾವು ಈ ಮಾತನ್ನು? ಆ ಮನುಷ್ಯ ಎದುರು ರಸ್ತೆಯಲ್ಲೇ ಸ್ಕೂಟರಿನಲ್ಲಿ ಹೋಗುತ್ತಿರುತ್ತಾನೆ, ಮೀನು ಮಾರ್ಕೆಟ್ಟಿನಲ್ಲಿ ಪಕ್ಕದಲ್ಲೇ ನಿಂತಿರುತ್ತಾನೆ. ಆದರೆ ನಮ್ಮ ಪಾಲಿಗೆ ಇಲ್ಲ. ಕನ್ನಡ ಬೈಬಲೂ ಈ ಮಾತನ್ನು ಬಿಟ್ಟಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ, ದೀಕ್ಷಾಸ್ನಾನ ಪಡೆದವರು "ಪಾಪದ ಪಾಲಿಗೆ ಸತ್ತವರು" ಅಂತ ಬರುತ್ತದೆ. ಅಲ್ಲಿ ಅದು ಒಳ್ಳೆಯ ಸಾವು. ಆತ್ಮಿಕ ಮರಣ ಇದರ ಉಲ್ಟಾ. ದೇವರ ಪಾಲಿಗೆ ನಾವು ಸತ್ತಿರುವುದು.

ನಾಲ್ಕನೇ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಊರಿಗೆ ಬಿಷಪ್ ಆದ ಸಂತ ಅಗಸ್ಟಿನ್ ಇದನ್ನು ತುಂಬಾ ಸರಳವಾಗಿ ಹೇಳಿದ್ದಾರೆ. ಆತ್ಮ ಬಿಟ್ಟುಹೋದರೆ ದೇಹ ಸಾಯುತ್ತದೆ. ಹಾಗೆಯೇ ದೇವರು ಬಿಟ್ಟರೆ ಆತ್ಮ ಸಾಯುತ್ತದೆ. ಆತ್ಮ ಇಲ್ಲವಾಗುತ್ತದೆ ಅಂತ ಇದರ ಅರ್ಥ ಅಲ್ಲ. ಅದು ಇರುತ್ತದೆ, ಅದಕ್ಕೆ ನೋವೂ ಗೊತ್ತಾಗುತ್ತದೆ. ಅದರ ಜೀವದ ಬೇರು ಎಲ್ಲಿತ್ತೋ ಅಲ್ಲಿಂದ ಕಿತ್ತುಬಂದಿದೆ, ಅಷ್ಟೇ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲನೂ ವಿಚಿತ್ರವಾಗಿ ಹೇಳುತ್ತಾನೆ. ನೀವು ಪಾಪಗಳಲ್ಲಿ ಸತ್ತವರಾಗಿದ್ದಿರಿ, ಆ ಪಾಪಗಳಲ್ಲೇ ನಡೆಯುತ್ತಿದ್ದಿರಿ ಅಂತ. ಸತ್ತವರು ನಡೆಯುವುದು! ಓಡಾಡುವ, ವ್ಯಾಪಾರ ಮಾಡುವ, ನಗುವ ಸಾವು.

ಇಲ್ಲಿ ಆ ಹುಡುಗ ಗಮನಿಸಬೇಕಾದದ್ದು ಒಂದಿದೆ. ಪೌಲ ಆ ಅಧ್ಯಾಯದ ಮೊದಲನೇ ವಚನದಲ್ಲಿ "ನೀವು" ಅನ್ನುತ್ತಾನೆ. ಯೆಹೂದ್ಯರಲ್ಲದವರನ್ನು ಉದ್ದೇಶಿಸಿ ಅಂದದ್ದು ಅದು. ಎರಡು ವಚನ ದಾಟುವಷ್ಟರಲ್ಲಿ "ನಾವೆಲ್ಲರೂ" ಅಂತ ತನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಧರ್ಮಶಾಸ್ತ್ರ ಬಾಯಿಪಾಠ ಇದ್ದ ಫರಿಸಾಯ, ಅಂದರೆ ಯೆಹೂದ್ಯರ ಕಟ್ಟುನಿಟ್ಟಿನ ಪಂಗಡದವನು ಅವನು. ಇನ್ನೊಬ್ಬರ ಸಾವಿನ ಬಗ್ಗೆ ಬರೆಯುತ್ತಾ ತನ್ನ ಸಾವನ್ನು ಬಿಟ್ಟು ಬರೆಯಲಿಲ್ಲ.

ಎಷ್ಟರ ಮಟ್ಟಿಗೆ ಸತ್ತಿದ್ದೇವೆ ಅನ್ನುವ ಬಗ್ಗೆ ಕ್ರೈಸ್ತ ಸಭೆಯಲ್ಲಿ 1500 ವರ್ಷಗಳಿಗಿಂತ ಜಾಸ್ತಿ ಜಗಳ ನಡೆದಿದೆ. ಆದಾಮನ ತಪ್ಪು ಅವನಿಗೇ ಸೇರಿದ್ದು, ಮನುಷ್ಯ ಮನಸ್ಸು ಮಾಡಿದರೆ ಸರಿಯಾಗಿ ಬದುಕಬಲ್ಲ ಎಂಬ, ಅದೇ ಕಾಲದ ಬೋಧಕ ಪೆಲಾಗಿಯಸನ ಪಕ್ಷವನ್ನು ಅಗಸ್ಟಿನ್ ಬಲವಾಗಿ ವಿರೋಧಿಸಿದರು. 529ರಲ್ಲಿ ಈಗಿನ ಫ್ರಾನ್ಸಿನ ಒರಾಂಜ್ ಊರಿನಲ್ಲಿ ಸೇರಿದ ಬಿಷಪರ ಸಭೆ, ಪಾಪವೇ ಆತ್ಮದ ಸಾವು, ಅದು ಆದಾಮನಿಂದ ನಮಗೆಲ್ಲ ಬಂದಿದೆ ಅಂತ ಬರೆದಿಟ್ಟಿತು. ಸತ್ತವನು ಕೈಚಾಚಲಾರ, ಎಬ್ಬಿಸುವುದು ದೇವರದ್ದೇ ಕೆಲಸ ಅಂತ 16ನೇ ಶತಮಾನದ ಸುಧಾರಕ ಕ್ಯಾಲ್ವಿನ್ ಕಡೆಯವರು. ದೇವರ ಕೃಪೆ ಮೊದಲೇ ಬಂದು ಎಲ್ಲರನ್ನೂ ಒಂದಿಷ್ಟು ಎಚ್ಚರ ಮಾಡಿರುತ್ತದೆ, ಹಾಗಾಗಿ ಓಗೊಡಲು ಆಗುತ್ತದೆ ಅಂತ ಮೆಥೊಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ವೆಸ್ಲಿ. ಕಥೋಲಿಕರಲ್ಲಿ ದೀಕ್ಷಾಸ್ನಾನದ ಮೇಲೂ ಮಾರಕ ಪಾಪ ಅನ್ನುವುದಿದೆ. ವಿಷಯ ಗಂಭೀರವಾಗಿರಬೇಕು, ಗೊತ್ತಿದ್ದೂ ಮಾಡಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು. ಈ ಮೂರೂ ಸೇರಿದರೆ ಒಳಗಿನ ಕೃಪೆಯ ಜೀವ ಹೋಗುತ್ತದೆ.

ನಾನು ದೇವಶಾಸ್ತ್ರ ಓದಿದವನಲ್ಲ, ಶಾಲೆ ಮಾಸ್ತರ. ನನಗೆ ಎರಡು ಚಿತ್ರಗಳು ಸಾಕು. ಒಂದು ಯೇಸುವಿನ ಗೆಳೆಯ ಲಾಜರ. ಗೋರಿಯೊಳಗೆ ನಾಲ್ಕು ದಿನದ ಹೆಣ. ಹೊರಗೆ ಬಾ ಅಂತ ಯೇಸು ಕೂಗಿದರೆ ಎದ್ದು ಬರುತ್ತಾನೆ. ಕೇಳುವ ಕಿವಿಯೂ ಆ ಕೂಗಿನಿಂದಲೇ ಬಂದದ್ದು. ಇನ್ನೊಂದು ಯೇಸು ಹೇಳಿದ ಕಥೆಯ ತಪ್ಪಿಹೋದ ಮಗ, ಅಪ್ಪನ ಹತ್ತಿರ ಪಾಲು ತೆಗೆದುಕೊಂಡು ದೂರ ಹೋಗಿ ಎಲ್ಲ ಕಳೆದವನು. ಅವನು ಹಂದಿ ಕಾಯುವ ಹೊಲದಲ್ಲಿ ಬುದ್ಧಿ ಬಂದು, ತಾನೇ ಎದ್ದು ಮನೆ ಕಡೆ ನಡೆಯುತ್ತಾನೆ. ಬೈಬಲ್ ಎರಡನ್ನೂ ಇಟ್ಟಿದೆ. ನಾನು ಯಾವುದನ್ನೂ ಬಿಡಲಾರೆ.

ತಪ್ಪಿಹೋದ ಮಗನ ಕಥೆಯಲ್ಲಿ ನನ್ನ ಕಥೆಯೂ ಇದೆ. ಅದನ್ನು ಹೇಳದೆ ಇಷ್ಟೆಲ್ಲ ಬರೆಯುವುದು ಸರಿಯಲ್ಲ.

ಅಪ್ಪ ತೀರಿಕೊಂಡ ಮೇಲೆ 38 ಸೆಂಟ್ಸ್ ಜಾಗದ ಪಾಲಿನಲ್ಲಿ ನನಗೂ ಅಣ್ಣನಿಗೂ ಮಾತಾಯಿತು. ಬಾವಿ ಯಾರ ಕಡೆ ಬರಬೇಕು ಅಂತ. ಮಾತಿಗೆ ಮಾತು ಬೆಳೆಯಿತು. "ಇವತ್ತಿಗೆ ನೀನು ನನ್ನ ಪಾಲಿಗೆ ಸತ್ತೆ" ಅಂದದ್ದು ನಾನೇ. ಅಣ್ಣ ಅಲ್ಲ. ಪಾಲಿಗೋಸ್ಕರ ಅಣ್ಣನನ್ನು ನನ್ನ ಪಾಲಿನಿಂದ ತೆಗೆದುಹಾಕಿದೆ. ಒಂಬತ್ತು ವರ್ಷ. ಒಂದೇ ಸಭೆ, ಒಂದೇ ಆಲಯ. ಅವನು ಎಡಗಡೆ ಕಿಟಕಿ ಪಕ್ಕದ ಬೆಂಚು, ನಾನು ಬಲಗಡೆ. ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅವನು ಮುಂದಿನ ಸಾಲಿನಲ್ಲಿ ಮೊಣಕಾಲೂರಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡು ಏಳುವ ತನಕ ನಾನು ಪಾದರಕ್ಷೆ ಸರಿ ಮಾಡುವ ಹಾಗೆ ತಲೆ ತಗ್ಗಿಸಿರುತ್ತಿದ್ದೆ. ಆಮೇಲೆ ಹೋಗಿ ಅದೇ ರೊಟ್ಟಿ, ಅದೇ ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ನೂರಕ್ಕೂ ಜಾಸ್ತಿ ಸಲ. ಆ ವರ್ಷಗಳಲ್ಲೇ ನಾನು ಸಂಡೇ ಸ್ಕೂಲ್ ನಡೆಸುತ್ತಿದ್ದೆ, ಮನೆ ಪ್ರಾರ್ಥನೆಗಳಲ್ಲಿ ವಾಕ್ಯ ಹೇಳುತ್ತಿದ್ದೆ. ನನ್ನೊಳಗೆ ಏನೋ ಸತ್ತಿದೆ ಅಂತ ನನಗೆ ಒಮ್ಮೆಯೂ ಅನಿಸಲಿಲ್ಲ.

ಪ್ರಕಟಣೆ ಪುಸ್ತಕದ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಸಭೆಗೆ ಒಂದು ಪತ್ರ ಇದೆ. ಸಾರ್ದಿಸ್ ಈಗಿನ ಟರ್ಕಿಯ ಪಶ್ಚಿಮದಲ್ಲಿದ್ದ ಹಳೆಯ ಶ್ರೀಮಂತ ಪಟ್ಟಣ. ಕಡಿದಾದ ಬೆಟ್ಟದ ಮೇಲೆ ಕೋಟೆ. ಆ ಕಡೆಯಿಂದ ಯಾರೂ ಹತ್ತಲಾರರು ಅಂತ ಕಾವಲು ಇಡದೇ ಇದ್ದದ್ದರಿಂದಲೇ ಪರ್ಷಿಯನ್ನರ ಕೈಗೆ ಸಿಕ್ಕಿತು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆ ಊರಿನ ಸಭೆಗೆ ಯೇಸುವಿನಿಂದ ಬಂದ ಮಾತು ಇದು: ಜೀವಿಸುತ್ತೀ ಅಂತ ನಿನಗೆ ಹೆಸರಿದೆ, ಆದರೆ ಸತ್ತಿದ್ದೀ. ಆ ಪತ್ರದಲ್ಲಿ ಹಿಂಸೆಯ ಸುದ್ದಿ ಇಲ್ಲ, ಸುಳ್ಳು ಬೋಧಕರ ಸುದ್ದಿ ಇಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿದ್ದ ಸಭೆ. ಇಡೀ ಬೈಬಲಿನಲ್ಲಿ ನನಗೆ ಅತಿ ಭಯ ಹುಟ್ಟಿಸುವ ವಾಕ್ಯ ಇದು. ಯಾಕೆಂದರೆ ಇದು ಆಲಯದ ಹೊರಗಿದ್ದವರಿಗೆ ಹೇಳಿದ ಮಾತಲ್ಲ. ಪುಣ್ಯಕ್ಕೆ ಮುಂದಿನ ವಾಕ್ಯವೂ ಇದೆ. ಇನ್ನೂ ಉಳಿದಿರುವ, ಸಾಯುವ ಹಾಗಿರುವುದನ್ನು ಬಲಪಡಿಸು ಅಂತ. ಸತ್ತಿದ್ದೀ ಅಂದವನೇ ಉಳಿದದ್ದನ್ನು ಹುಡುಕುತ್ತಾನೆ.

ಯೋಹಾನನ ಮೊದಲ ಪತ್ರದ 3ನೇ ಅಧ್ಯಾಯ ಇನ್ನೂ ನೇರ. ಸಹೋದರರನ್ನು ಪ್ರೀತಿಸುವುದರಿಂದಲೇ ನಾವು ಸಾವನ್ನು ದಾಟಿ ಜೀವಕ್ಕೆ ಬಂದಿದ್ದೇವೆ ಅಂತ ಗೊತ್ತಾಗುತ್ತದೆ, ಪ್ರೀತಿಸದವನು ಸಾವಿನಲ್ಲೇ ಇದ್ದಾನೆ. ನಾನು ಯಾರನ್ನು ಸತ್ತವನು ಅಂದೆನೋ ಅವನು ಬದುಕಿದ್ದ. ಅಂದ ನಾನು ಸತ್ತಿದ್ದೆ.

ಹೋದ ವರ್ಷ ಮಳೆಗಾಲದ ಒಂದು ಸಂಜೆ ಪಕ್ಕದ ಮನೆಯ ಅಕ್ಕ ಬೇಲಿ ಹತ್ತಿರ ಬಂದು ಕರೆದರು. "ಮಾಷ್ಟ್ರೇ, ನಿಮ್ಮ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದಾರಂತೆ. ಹೋಗಿ ಬನ್ನಿ." ನಾನು ಸುಮ್ಮನಿದ್ದೆ. ಅವರು ಹೋಗಲಿಲ್ಲ. ಸೆರಗು ತಲೆ ಮೇಲೆ ಹಾಕಿಕೊಂಡು ಮಳೆಯಲ್ಲೇ ನಿಂತು ಇನ್ನೊಮ್ಮೆ ಹೇಳಿದರು: "ಅಮ್ಮ ಇದ್ದಿದ್ರೆ ನಿಮ್ಮನ್ನ ಇಷ್ಟು ಹೊತ್ತು ಮನೇಲಿ ಕೂರೋಕೆ ಬಿಡ್ತಿದ್ರಾ?"

ನಾನು ಹೋದೆ. ಅಣ್ಣ ಕಣ್ಣು ಮುಚ್ಚಿ ಮಲಗಿದ್ದ, ಕೈಗೆ ಡ್ರಿಪ್ಸ್. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಪ್ರತಿ ಭಾನುವಾರ ಒಂದೇ ಸೂರಿನಡಿ ಇದ್ದೂ ಅದು ಯಾವಾಗ ಬೆಳ್ಳಗಾಯಿತು ಅಂತ ನಾನು ನೋಡಿರಲಿಲ್ಲ. ಏನು ಹೇಳಬೇಕೋ ಗೊತ್ತಾಗದೆ ಮಂಚದ ಕಾಲಕಡೆ ನಿಂತೆ. ಅವನು ಕಣ್ಣು ತೆರೆದು ತುಂಬಾ ಹೊತ್ತು ನೋಡಿದ. ಆಮೇಲೆ, "ಒದ್ದೆಯಾಗಿದ್ದೀಯಲ್ಲ, ಅಲ್ಲಿ ಟವೆಲ್ ಇದೆ ನೋಡು" ಅಂದ. ಕ್ಷಮೆ ಕೇಳಲು ತಯಾರು ಮಾಡಿಕೊಂಡು ಹೋದ ಮಾತು ಒಂದೂ ಬರಲಿಲ್ಲ. ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತೆ.

ತಪ್ಪಿಹೋದ ಮಗನ ಕಥೆಯಲ್ಲಿ, ಅವನು ಮರಳಿ ಬಂದದ್ದಕ್ಕೆ ಅಪ್ಪ ಔತಣ ಮಾಡಿಸಿದಾಗ, ಹಿರಿಯ ಮಗ ಅಪ್ಪನ ಹತ್ತಿರ ದೂರು ಹೇಳುವಾಗ "ಈ ನಿನ್ನ ಮಗ" ಅನ್ನುತ್ತಾನೆ. ನನ್ನ ತಮ್ಮ ಅನ್ನುವುದಿಲ್ಲ. ಅಪ್ಪ ಉತ್ತರ ಕೊಡುವಾಗ ಆ ಮಾತನ್ನು ಮೆತ್ತಗೆ ತಿದ್ದುತ್ತಾನೆ: "ಈ ನಿನ್ನ ತಮ್ಮ ಸತ್ತವನಾಗಿದ್ದ, ಬದುಕಿ ಬಂದ." ನಾನು ಈ ಭಾಗವನ್ನು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆಸ್ಪತ್ರೆಯಿಂದ ಬಂದ ರಾತ್ರಿ ಓದಿದಾಗ ಮಾತ್ರ ಆ "ನಿನ್ನ" ಕಣ್ಣಿಗೆ ಬಿತ್ತು.

ಅಪ್ಪ ಬದುಕಿರುವಾಗಲೇ ಪಾಲು ಕೇಳಿದ ಕಿರಿಮಗ, ಅಪ್ಪನನ್ನೇ ತನ್ನ ಪಾಲಿಗೆ ಸತ್ತವನು ಅಂತ ಮಾಡಿದ್ದ. ಅಪ್ಪ ತಿರುಗಿ ಹಾಗೆ ಅನ್ನಲಿಲ್ಲ. ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿ ಹೋದ. ತೋಟದಲ್ಲೂ ಅಷ್ಟೇ, ಅಡಗಿದ್ದು ಮನುಷ್ಯ, ಹುಡುಕಿ ಬಂದದ್ದು ದೇವರು. ಹಾಗಾಗಿ "ಆತ್ಮಿಕವಾಗಿ ಸತ್ತವರು" ಅನ್ನುವ ಮಾತು ಹುಡುಕಿ ಬರುವವನ ಬಾಯಲ್ಲಿ ಮಾತ್ರ ಸರಿ ಅನಿಸುತ್ತದೆ ನನಗೆ. ಪಾಪ ಇಲ್ಲ, ರಕ್ಷಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಯೇಸು ಇಲ್ಲದೆ ನಾನು ಎದ್ದೇಳುತ್ತಿರಲಿಲ್ಲ ಅಂತ ಪೂರ್ತಿ ನಂಬಿದ್ದೇನೆ. ಆದರೆ ಯೇಸು ಅವತ್ತು ನನ್ನನ್ನು ಕರೆದದ್ದು ಮಳೆಯಲ್ಲಿ ಬೇಲಿ ಹತ್ತಿರ ನಿಂತು. ಆ ಧ್ವನಿ ಯಾರ ಬಾಯಿಂದ ಬಂತು ಅಂತ ನನಗೆ ಗೊತ್ತಿದೆ. ಆ ಅಕ್ಕನನ್ನು ಸತ್ತವರು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಮುಂದಿನ ಶುಕ್ರವಾರ ಪ್ರಾರ್ಥನೆ ನಮ್ಮ ಮನೆಯಲ್ಲಿ. ಆ ಹುಡುಗನಿಗೂ ಬರಹೇಳಿದ್ದೇನೆ, ತಪ್ಪಿಹೋದ ಮಗನ ಕಥೆ ಇರುವ ಲೂಕನ 15ನೇ ಅಧ್ಯಾಯ ಅವನೇ ಓದಲಿ ಅಂತ. ಅಣ್ಣನಿಗೆ ಮೆಟ್ಟಿಲು ಹತ್ತುವುದು ಕಷ್ಟ, ಹಿಂಬಾಗಿಲಿನಿಂದ ಕರೆದುಕೊಂಡು ಬರುತ್ತೇನೆ. ನೀರುದೋಸೆಯ ಹಿಟ್ಟು ರುಬ್ಬಿ ಕೊಡ್ತೇನೆ ಅಂತ ಪಕ್ಕದ ಮನೆಯ ಅಕ್ಕ ಆಗಲೇ ಹೇಳಿಯಾಗಿದೆ.