ಒಂದೇ ಜಾಗಕ್ಕೆ ಮೂವರಾ?

ಇವತ್ತು ಊಟದ ಹೊತ್ತಿಗೆ ಆಫೀಸಲ್ಲಿ ಮತ್ತೆ ಅದೇ ಎನ್‌ಎಫ್‌ಎಲ್ ಡ್ರಾಫ್ಟ್ ಜಗಳ. ಒಂದೇ ಪೊಸಿಷನ್‌ಗೆ ಇಬ್ಬರು ಮೂವರನ್ನು ಡ್ರಾಫ್ಟ್ ಮಾಡಿದರೆ ಪಿಕ್ ದಂಡ ಅಂತ ಗೆಳೆಯನ ವಾದ. ನಾನು ಒಪ್ಪಲಿಲ್ಲ. ಡಬ್ಬಿಯ ಚಿತ್ರಾನ್ನ ಆರಿಹೋಯಿತು, ಮಾತು ಮುಗಿಯಲಿಲ್ಲ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ: ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಐಪಿಎಲ್ ತರಹ ಹರಾಜಿಲ್ಲ. ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್, ಒಂದೊಂದು ಆಯ್ಕೆಯೂ ಒಂದು ಪಿಕ್. ಜಾಸ್ತಿ ಸೋತವರಿಗೆ ಮೊದಲ ಸರದಿ. ಒಟ್ಟು ಏಳು ರೌಂಡು.

1998ರಲ್ಲಿ ಮಿನ್ನೆಸೋಟ ವೈಕಿಂಗ್ಸ್‌ಗೆ ರ‍್ಯಾಂಡಿ ಮಾಸ್ ಬಂದ. ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು. ಆರಡಿ ನಾಲ್ಕಿಂಚು ಎತ್ತರ, ಜಿಂಕೆ ಓಟ. ಅಕ್ಟೋಬರ್‌ನ ಒಂದು ಸೋಮವಾರ ರಾತ್ರಿ, ಗ್ರೀನ್ ಬೇ ಪ್ಯಾಕರ್ಸ್ ಅಂಗಳದಲ್ಲೇ ಐದು ಕ್ಯಾಚು, 190 ಯಾರ್ಡು, ಎರಡು ಟಚ್‌ಡೌನ್. ಅವನನ್ನು ತಡೆಯಬೇಕಿದ್ದ ಕಾರ್ನರ್‌ಬ್ಯಾಕ್‌ಗಳು ಸುಮ್ನೆ ಹಿಂದೆ ಓಡಿದ್ದೇ ಬಂತು.

ಮುಂದಿನ ವರ್ಷ ಪ್ಯಾಕರ್ಸ್ ಮ್ಯಾನೇಜರ್ ರಾನ್ ವುಲ್ಫ್ ಮೊದಲ ಮೂರೂ ಪಿಕ್‌ನಲ್ಲಿ ಕಾರ್ನರ್‌ಬ್ಯಾಕ್‌ಗಳನ್ನೇ ತಗೊಂಡ. ಮೊದಲ ರೌಂಡಿನ ಆಂಟುವಾನ್ ಎಡ್ವರ್ಡ್ಸ್ ಪರವಾಗಿಲ್ಲ ಅನ್ನುವಷ್ಟು. ಎರಡನೆಯವನು ಫ್ರೆಡ್ ವಿನ್ಸನ್, ಒಂದೇ ಸೀಸನ್ ಆಡಿದ. ಮೂವರಲ್ಲಿ ಗಟ್ಟಿಯಾಗಿ ನಿಂತವನು ಮೂರನೇ ರೌಂಡಿನ ಮೈಕ್ ಮೆಕೆಂಜಿ! ಒಬ್ಬನನ್ನೇ ತಗೊಂಡಿದ್ದರೆ ಅವನು ಸಿಗುತ್ತಲೇ ಇರಲಿಲ್ಲ. ವಿನ್ಸನ್ ಕೂಡ ದಂಡವಾಗಲಿಲ್ಲ. ಅವನನ್ನು ಸಿಯಾಟಲ್ ತಂಡಕ್ಕೆ ಕೊಟ್ಟು ಆಮನ್ ಗ್ರೀನ್‌ನನ್ನು ತಂದರು. ಚೆಂಡು ಹಿಡಿದು ಓಡುವುದರಲ್ಲಿ ಪ್ಯಾಕರ್ಸ್‌ನ ಸಾರ್ವಕಾಲಿಕ ದಾಖಲೆ ಇವತ್ತಿಗೂ ಅವನದೇ.

ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಟೇಪು, ಸ್ಟಾಪ್‌ವಾಚು ಹಿಡಿದು ಎಷ್ಟೇ ಅಳೆಯಲಿ, ಯಾವನು ಗೆಲ್ಲುತ್ತಾನೆ ಅಂತ ಅವರಿಗೂ ಗೊತ್ತಿರಲ್ಲ. ನಮ್ಮಲ್ಲಿ ಬೀಜ ಊರುವಾಗ ಗುಂಡಿಗೆ ಎರಡು ಮೂರು ಹಾಕಲ್ವಾ? ಅಷ್ಟೇ.

ಗೆಳೆಯ ಪ್ರತಿಸಲ ಡೆಟ್ರಾಯಿಟ್ ಲಯನ್ಸ್ ಕಥೆ ತೆಗೆಯುತ್ತಾನೆ. ಸರಿ, ಆ ಕಥೆ ಕೆಟ್ಟದ್ದೇ. 2003, 2004, 2005, ಮೂರು ವರ್ಷವೂ ಮೊದಲ ರೌಂಡಲ್ಲಿ ರಿಸೀವರ್. 2003ರ ಚಾರ್ಲ್ಸ್ ರೋಜರ್ಸ್ ಒಟ್ಟು 15 ಪಂದ್ಯ ಆಡಿ ಮನೆಗೆ ಹೋದ. 2007ರಲ್ಲಿ ಮತ್ತೆ ರಿಸೀವರ್, ಕ್ಯಾಲ್ವಿನ್ ಜಾನ್ಸನ್. ಅವನೇನೋ ಹಾಲ್ ಆಫ್ ಫೇಮ್ ಸೇರಿದ. ಆದರೆ 2008ರಲ್ಲಿ ತಂಡ ಹದಿನಾರಕ್ಕೆ ಹದಿನಾರೂ ಸೋತಿತು. ಆದರೆ ಅವು ನಾಲ್ಕೂ ಮೊದಲ ಹತ್ತರೊಳಗಿನ ಪಿಕ್ ಮಾರಾಯ್ರೆ. ಚಿನ್ನದ ಬೆಲೆ. ಹಿಡಿಯುವವರ ಸಾಲೇ ಬಂತು, ಎಸೆಯುವವನನ್ನು ಕಾಯುವವರು ಬರಲಿಲ್ಲ. ವುಲ್ಫ್ ಆದರೋ, ಕಾಡುತ್ತಿದ್ದ ಮಾಸ್ ಎಂಬ ಒಂದು ತೊಂದರೆಗೆ ಒಂದೇ ಸಲ ಮೂರು ಬೆಲೆಯ ಮೂರು ಮದ್ದು ತಂದ. ಎರಡೂ ಒಂದೇನಾ?

"ಕ್ವಾರ್ಟರ್‌ಬ್ಯಾಕ್‌ಗೆ ಏನಂತೀಯ? ಆಡುವವನು ಒಬ್ಬನೇ ಅಲ್ವಾ?" ಅಂತ ಗೆಳೆಯ ಕೊನೆಗೆ ಕೇಳಿದ. ಕ್ವಾರ್ಟರ್‌ಬ್ಯಾಕ್ ಅಂದರೆ ಆ ಚೆಂಡು ಎಸೆಯುವವನು. 2012ರಲ್ಲಿ ವಾಷಿಂಗ್ಟನ್ ತಂಡ ಮೊದಲ ರೌಂಡಿನ ಎರಡನೇ ಪಿಕ್‌ನಲ್ಲಿ ರಾಬರ್ಟ್ ಗ್ರಿಫಿನ್‌ನನ್ನು ತಗೊಂಡು, ನಾಲ್ಕನೇ ರೌಂಡಲ್ಲಿ ಕರ್ಕ್ ಕಸಿನ್ಸ್‌ನನ್ನೂ ತಗೊಂಡಿತು. 2015ರಲ್ಲಿ ಆಡಿದವನು ಕಸಿನ್ಸ್, ಬೆಂಚಲ್ಲಿ ಕೂತವನು ಗ್ರಿಫಿನ್. ಅವನು ಕೇಳಿದಾಗ ಇದು ನೆನಪಾಗಲಿಲ್ಲ ನೋಡಿ. ನಾಳೆ ಊಟಕ್ಕೆ ಎತ್ತಿಟ್ಟಿದ್ದೇನೆ.